ಅಗತ್ಯವೋ ಅವಸರವೋ

ನವೆಂಬರ್ ೧೪, ಶುಕ್ರವಾರ

ಸಿಟ್ಟು ಇನ್ನೂ ಇಳಿದಿಲ್ಲ. ನಾಡಿದ್ದು ಭಾನುವಾರ ನಮ್ಮ ಕನ್ನಡ ಸಂಘದಲ್ಲಿ ವಿದೇಶಾಂಗ ನೀತಿಯ ಬಗ್ಗೆ ನನ್ನ ಉಪನ್ಯಾಸ, ಆಮೇಲೆ ಸಾರ್ವಜನಿಕ ಚರ್ಚೆ. ನಾನು ಬರೆದುಕೊಟ್ಟ ಶೀರ್ಷಿಕೆ ‘ನೆರೆದೇಶಗಳೊಡನೆ ಮಾತುಕತೆಯ ಅಗತ್ಯ’. ಆಮಂತ್ರಣದಲ್ಲಿ ಬಂದದ್ದು ‘ಮಾತುಕತೆಯ ಅವಸರ’! ಮಾತಾಡಲೇಬೇಕು ಎನ್ನುವವಳನ್ನು, ಮಾತಿಗೇಕೆ ಇಷ್ಟು ಆತುರ ಎಂದು ಮೂದಲಿಸುವವಳನ್ನಾಗಿ ಮಾಡಿಟ್ಟರು.

ಬೆಳಿಗ್ಗೆಯೇ ಕಾರ್ಯದರ್ಶಿ ಕೇದಾರನಿಗೆ ಫೋನು ಮಾಡಿದ್ದೆ. ಇಲ್ಲೇ ಹೈದರಾಬಾದಿನಲ್ಲಿ ಹುಟ್ಟಿ, ತೆಲುಗಿನಲ್ಲೇ ಓದಿದವನು.

“ಅಗತ್ಯ ಅಂದ್ರೂ ಅವಸರ ಅಂದ್ರೂ ಒಂದ ಅಲ್ಲೇನ್ರಿ ಮೇಡಂ?”

“ಅದು ತೆಲುಗಿನ್ಯಾಗ! ಕನ್ನಡದಾಗ ಅವಸರ ಅಂದ್ರ ಗಡಿಬಿಡಿ. ತಿದ್ದಸ್ರಿ.”

“ಆತ್ ಬಿಡ್ರಿ, ತಿದ್ದೋ ಅವಸರ ಏನೂ ಇಲ್ಲ.”

ನಿಧಾನಕ್ಕೆ ತಿದ್ದುತ್ತಾನೆ ಎಂದುಕೊಂಡು ಸುಮ್ಮನಾದೆ, ಪೆದ್ದಿ. ಅವನು ಹೇಳಿದ್ದು ತಿದ್ದುವ ಅಗತ್ಯವೇ ಇಲ್ಲ ಎಂದು! ಸಂಜೆಯೊಳಗೆ ಅದೇ ಆಮಂತ್ರಣ ಕನ್ನಡನಾಡಿನಿಂದ ಹೊಸದಾಗಿ ಬಂದು ಮಣಿಕೊಂಡದಲ್ಲಿರುವ ಐಟಿ ಹುಡುಗರ ವಾಟ್ಸಾಪಿಗೂ ತಲುಪಿತ್ತು.

ಊಟಕ್ಕೆ ಕೂತಾಗ ಇವರ ಮುಂದೆ ಕೂಗಾಡಿದೆ. ಇವರೂ ಇಲ್ಲೇ ಸುಲ್ತಾನ್ ಬಜಾರಿನಲ್ಲಿ, ತೆಲುಗಿನ ನಡುವೆಯೇ ಬೆಳೆದವರು. ಮಜ್ಜಿಗೆ ಅನ್ನ ಕಲಸುತ್ತಾ ತಣ್ಣಗೆ ಕೇಳಿದರು: “ಇಷ್ಟ್ ಸಿಟ್ಟು ಅವಸರ ಐತೇನು?”

ಯಾವ ಭಾಷೆಯ ಅವಸರ ಎಂದೂ ಕೇಳದೆ, ತಟ್ಟೆ ಅಲ್ಲೇ ಬಿಟ್ಟು ಎದ್ದುಬಂದೆ.

ಮಾತುಕತೆಯಂತೆ, ಮಾತುಕತೆ!