ಹೊಂಡದ ಗದ್ದೆಯ ಭತ್ತ

ಅಣ್ಣನಿಗೆ ನಮಸ್ಕಾರ.

ಪಾಲು ಮಾಡುವಾಗ ಹೊಂಡದ ಗದ್ದೆ ನನಗೆ ಬಂತು. "ಅಲ್ಲಿ ಭತ್ತ ಕೊಳೆಯುತ್ತೆ, ಮೀನು ಸಾಕು" ಅಂತ ನೀನು ನಕ್ಕಿದ್ದೆ. ಈ ಸಲ ನೆರೆ ತಾಳುವ ಹೊಸ ತಳಿ ಹಾಕಿದೆ. ಪೈರು ವಾರ ಮೀರಿ ನೀರಿನಡಿ ಮುಳುಗಿತ್ತು. ನಮ್ಮ ಮನೆಯವರು ಆಸೆಯನ್ನೇ ಬಿಟ್ಟಿದ್ದರು. ನೀರು ಇಳಿದ ಮೇಲೆ ಕೆಸರು ಮೆತ್ತಿದ ಬುಡದಿಂದಲೇ ಹಸಿರು ಚಿಗುರಿತು. ಈಗ ಮನೆ ತುಂಬಾ ಭತ್ತದ ಮೂಟೆ, ಕಾಲಿಡಲು ಜಾಗವಿಲ್ಲ.

ನಿನ್ನ ಪೈರೆಲ್ಲ ಕೊಚ್ಚಿಹೋಯಿತೆಂದು ಕೇಳಿ ಸಂಕಟವಾಯಿತು. ನಿನ್ನೆ ಅತ್ತಿಗೆ ಬಂದು ಬೀಜ ಕೇಳಿದರು. ಕಳಿಸಿದ್ದು ನೀನೇ ಅಂತ ನನಗೆ ಗೊತ್ತು. ಖಂಡಿತ ಕೊಡುತ್ತೇನೆ, ಆದರೆ ಅವರ ಕೈಯಲ್ಲಲ್ಲ. ನೀನೇ ಬಾ. ಹೊಸ ಅಕ್ಕಿಯ ಅನ್ನ ಉಣ್ಣು. "ಚೆನ್ನಾಗಿ ಬೆಳೆದಿದ್ದೀಯ" ಅಂತ ನಿನ್ನ ಬಾಯಿಂದ ಒಂದು ಮಾತು ಹೇಳು. ಆಮೇಲೆ ಎಷ್ಟು ಬೇಕೋ ಅಷ್ಟು ಹೊತ್ತುಕೊಂಡು ಹೋಗು.

ದಾರಿ ಕಾಯುತ್ತಿರುವ,
ನಿನ್ನ ತಂಗಿ