ಚಿತ್ರದಲ್ಲಿ ಬಂದ ಕೆಂಪು ನೂಲು

ಭಾನುವಾರ, ಪ್ರಾರ್ಥನೆ ಮುಗಿಸಿ ಬಂದ ಮೇಲೆ

ನನ್ನ ಮಗಳ ಅಪ್ಪನಿಗೆ,

ನಮಸ್ಕಾರ. ಇದಕ್ಕಿಂತ ಹತ್ತಿರದ ಮಾತು ಬರೆಯೋಣವೆಂದರೆ ಕೈ ಏಳುತ್ತಿಲ್ಲ. ನಾನು ಚೆನ್ನಾಗಿದ್ದೇನೆ. ದೇವರು ಹೊಟ್ಟೆಗೆ ಕಮ್ಮಿ ಮಾಡಿಲ್ಲ, ಹೊಲಿಗೆ ನಡೆಯುತ್ತಿದೆ.

ನೀವು ಬರೆದ ನನ್ನ ಚಿತ್ರವನ್ನು ಮಗಳು ತನ್ನ ಗಂಡನ ಮನೆಯಿಂದ ನನ್ನ ಮೊಬೈಲಿಗೆ ಕಳಿಸಿದಳು. ಅವಳು ಹಿಂದೆ ಬಂದಾಗ ತೆಗೆದ ಫೋಟೋ ನೋಡಿಕೊಂಡು, ಅಷ್ಟು ದೂರದ ಊರಿನಲ್ಲಿ ಕೂತು ಬರೆದಿರಂತೆ. ನನಗೆ ಹಿಡಿಸಿದರೆ ಮನೆಗೆ ವಾಪಸು ಬರುತ್ತೀರಂತೆ. "ಹೂಂ ಅಂದ್ಬಿಡಮ್ಮಾ, ಅಪ್ಪ ಕಾಯ್ತಿದ್ದಾರೆ" ಅಂತ ಅವಳದ್ದು ಒಂದೇ ರಾಗ. ಹೂಂ ಅನ್ನಲು ನನಗೇನು ನಾಲಿಗೆ ಸವೆಯುವುದಿಲ್ಲ. ಆದರೆ ಮನಸ್ಸಿಗೆ ಇರುವೆ ಬಿಟ್ಟ ಹಾಗಾಗಿದೆ.

ನೀವು ಯಾವಾಗಿನಿಂದ ಫೋಟೋ ನೋಡಿ ಬರೆಯುವವರಾದಿರಿ? ಅದು ಎಂಜಲು ತಿಂದ ಹಾಗೆ ಅಂದವರು ನೀವು. ಮೊಬೈಲು ಬಂದ ಮೇಲೆ ಯಾರೂ ಎದುರು ಕೂರುವುದಿಲ್ಲ, ಎಲ್ಲರೂ ಫೋಟೋ ಬಿಸಾಕಿ ಹೀಗೇ ಬರೆದುಕೊಡಿ ಅನ್ನುತ್ತಾರೆ ಅಂತ ಸಿಟ್ಟಾಗಿ, ಬ್ಯಾನರ್ ಅಂಗಡಿಯ ಕೆಲಸ ಒಪ್ಪಿಕೊಳ್ಳಿ ಅಂದ ನನ್ನ ಮೇಲೂ ಸಿಟ್ಟಾಗಿ, ಬ್ರಷ್ಷು ಗಂಟು ಕಟ್ಟಿಕೊಂಡು ಹೋದವರು.

ಸರಿ, ಬುದ್ಧಿ ಬಂದಿರಬಹುದು ಅಂದುಕೊಂಡೆ. ಆಮೇಲೆ ಚಿತ್ರವನ್ನೂ ಫೋಟೋವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹೋದ ವರ್ಷ ಮಿಷನ್ನಿನ ಸೂಜಿ ಮುರಿದು ಹಾರಿ ನನ್ನ ಎಡಹುಬ್ಬು ಸೀಳಿತು. ಆ ಜಾಗದಲ್ಲಿ ಕೂದಲೇ ಬರಲಿಲ್ಲ. ಮಗಳ ಮೊಬೈಲು ಕೇಳದೇ ಮುಖ ತೊಳೆದು ಪೌಡರು ಹಚ್ಚುವಂಥದ್ದು. ಫೋಟೋದಲ್ಲಿ ಹುಬ್ಬನ್ನೂ ತುಂಬಿಬಿಟ್ಟಿದೆ. ನಿಮ್ಮ ಚಿತ್ರದಲ್ಲಿ ಸೀಳು ಹಾಗೇ ಇದೆ. ನೀವು ಹೋಗುವಾಗ ಇಲ್ಲದ ಸೀಳು ನಿಮ್ಮ ನೆನಪಿಗೆ ಹೇಗೆ ಬಂತು? ಮಗಳನ್ನು ಕೇಳಿದೆ. "ದೇವರಾಣೆ ನಾನು ಹೇಳಿಲ್ಲ, ನಿನಗೆ ಎಲ್ಲದರಲ್ಲೂ ಅನುಮಾನ" ಅಂತ ರೇಗಿದಳು.

ಇರಲಿ, ಬಾಯಿ ಜಾರಿ ಹೇಳಿರಬಹುದು. ಆದರೆ ಕನ್ನಡಕ? ಅದರ ಕಡ್ಡಿ ಮುರಿದು ನಾನು ಕೆಂಪು ನೂಲು ಸುತ್ತಿಕೊಂಡದ್ದು ಮೊನ್ನೆ ಮೊನ್ನೆ, ಅವಳು ವಾಪಸು ಹೋದ ಎಷ್ಟೋ ದಿನದ ಮೇಲೆ. ಅದು ಅವಳಿಗೇ ಗೊತ್ತಿಲ್ಲ. ಚಿತ್ರದಲ್ಲಿ ಆ ಕೆಂಪು ನೂಲೂ ಇದೆ, ಗಂಟಿನ ಸಮೇತ.

ಇನ್ನೊಂದು. ಫೋಟೋದಲ್ಲಿ ನಾನು ನೆಟ್ಟಗೆ ಕೂತಿದ್ದೇನೆ. ಚಿತ್ರದಲ್ಲಿ ತಲೆ ಬಗ್ಗಿಸಿ ಹೊಲಿಯುತ್ತಿದ್ದೇನೆ, ನನ್ನ ಬೈತಲೆ ಕಾಣುತ್ತದೆ. ಅಂದರೆ ಮೇಲಿನಿಂದ ನೋಡಿದ್ದು. ನನ್ನ ಮಿಷನ್ನು ಇರುವುದು ಬೀದಿಕಿಟಕಿಗೆ ಒತ್ತಿಕೊಂಡು. ಬೀದಿಯೋ, ಎದುರುಮನೆಯವರು ಕೆಮ್ಮಿದರೆ ನಮ್ಮನೆಯಿಂದಲೇ ನೀರು ಕೊಡುವಷ್ಟು ಕಿರಿದು.

ನಿನ್ನೆ ಎದುರುಮನೆ ಗೊಣಗಜ್ಜಿಯನ್ನು ಮಾತಿಗೆಳೆದೆ. ಮೇಲಿನ ರೂಮಿಗೆ ಯಾರೋ ಬಂದಿದ್ದಾರಂತಲ್ಲ, ಹೊಲಿಸುವುದು ಇದ್ದರೆ ಕೇಳೋಣ ಅಂತ ಸುಳ್ಳು ಹೇಳಿದೆ, ದೇವರು ಕ್ಷಮಿಸಲಿ. "ಅಯ್ಯೋ, ಹಗಲೆಲ್ಲ ಕಿಟಕಿ ಬಿಟ್ಟು ಏಳಲ್ಲ ಕಣಮ್ಮಾ, ಕತ್ತಲಾದ ಮೇಲೇ ಹೊರಗೆ. ಅದ್ಯಾವುದೋ ಎಣ್ಣೆ ವಾಸನೆ. ಒಳ್ಳೇದೇ ಆಯ್ತು ಬಿಡು, ತಿಗಣೆಗಳೆಲ್ಲ ಮನೆ ಖಾಲಿ ಮಾಡಿದ್ವು" ಅಂದಳು. ಅಜ್ಜಿ ನಕ್ಕಳು. ನನಗೆ ಮೈ ಉರಿಯಿತು. ಬಣ್ಣಕ್ಕೆ ಬೆರೆಸುವ ಆ ಎಣ್ಣೆ ನನಗೆ ಗೊತ್ತಿಲ್ಲವೇ?

ಎದುರು ಕೂರಿಸಿಕೊಂಡು ಬರೆಯುವುದು ಅಂದರೆ ಏನು ಅಂತ ನೀವೇ ಹೇಳುತ್ತಿದ್ದಿರಿ: ನಾವು ಅವರನ್ನು ನೋಡುತ್ತೇವೆ, ಅವರು ನಮ್ಮನ್ನು ನೋಡುತ್ತಾರೆ, ಆ ನಾಚಿಕೆ ದಾಟಿದ ಮೇಲೆ ಮುಖ ಸಿಗುತ್ತದೆ ಅಂತ. ಇದರಲ್ಲಿ ನೀವು ಮಾತ್ರ ನೋಡಿದ್ದೀರಿ. ನಾನು ಬೆವರು ಒರೆಸಿಕೊಂಡದ್ದು, ಒಬ್ಬಳೇ ಗೊಣಗಿದ್ದು, ಅತ್ತದ್ದು, ಎಲ್ಲ ನೋಡಿರುತ್ತೀರಿ. ನಿಮ್ಮ ತಲೆ ಬೆಳ್ಳಗಾಗಿದೆಯೋ ಬೋಳಾಗಿದೆಯೋ ನನಗೆ ಗೊತ್ತಿಲ್ಲ. ಇದು ಯಾವ ನ್ಯಾಯ?

ಚಿತ್ರ ಹಿಡಿಸಿತೋ ಇಲ್ಲವೋ ಈಗ ಹೇಳುವುದಿಲ್ಲ. ಮನೆಗೆ ಬರುವ ಮಾತೂ ಈಗ ಬೇಡ. ಮೊದಲು ನಿಜ ಹೇಳಿ.

ಇಂತಿ,
ನಿಮ್ಮ ಮಗಳ ಅಮ್ಮ

ಮರೆತಿದ್ದೆ: ಈ ಪತ್ರಕ್ಕೆ ಸ್ಟಾಂಪು ಹಚ್ಚಿಲ್ಲ, ಮಗಳ ಕೈಲಿ ನೀವು ಕೊಟ್ಟ ಆ ದೂರದ ಊರಿನ ವಿಳಾಸವನ್ನೂ ಬರೆದಿಲ್ಲ. ಗೊಣಗಜ್ಜಿಯ ಮೆಟ್ಟಿಲು ಹತ್ತಿ ಬಾಗಿಲ ಕೆಳಗೆ ತೂರಿಸುತ್ತಿದ್ದೇನೆ. ಒಳಗಿರುವುದು ಬೇರೆ ಯಾರೋ ಗಂಡಸಾದರೆ ನನ್ನ ಮಾನ ದೇವರ ಕೈಲಿ. ನೀವೇ ಆದರೆ, ನಾನು ಹೊರಗೇ ನಿಂತಿದ್ದೇನೆ. ಕೈ ತೊಳೆಯದೆ ಬಾಗಿಲು ತೆಗೆಯಿರಿ. ಬಣ್ಣ ಇದೆಯೋ ಇಲ್ಲವೋ ನಾನು ನೋಡಬೇಕು.