ನನ್ನ ಕೈಗೆ ತಿರುಗದ ಕಾರು

ಯಜಮಾನರಿಗೆ,

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಮಾತ್ರ ಕೇಳುವುದಿಲ್ಲ, ಅದು ನನಗೆ ಬೇಕಿಲ್ಲ. ನೀವು ಹೋಗಿ ಹನ್ನೊಂದು ತಿಂಗಳಾಯಿತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅಂತಾರೆ. ಹಾಗೆ ಅಂದವರ ಮನೆಯಲ್ಲಿ ನಿಮ್ಮಂಥವರು ಸತ್ತಿರಲಿಕ್ಕಿಲ್ಲ. ವಿಷಯ ಇಷ್ಟೇ. ನಿಮ್ಮ ಬಿಳಿ ಕಾರು ಸ್ಟಾರ್ಟ್ ಆಯಿತು. ನನ್ನ ಕೈಗೇ ಆಯಿತು. ಹೇಗಾಯಿತು ಅನ್ನುವುದು ನಿಮಗೆ ಮೊದಲಿನಿಂದಲೂ ಗೊತ್ತು. ನನಗೆ ಗೊತ್ತಾಗಿದ್ದು ಹೋದ ತಿಂಗಳು.

ನಾನು ಲೈಸೆನ್ಸ್ ತಂದ ದಿನ ನೆನಪಿದೆಯಾ? ಮಧುಗಿರಿಯ ಡ್ರೈವಿಂಗ್ ಸ್ಕೂಲಿಗೆ ಬೆಳಿಗ್ಗೆ ಬೆಳಿಗ್ಗೆ ಹೋಗಿ ಕಲಿತಿದ್ದೆ. ನೀವು ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಚೆನ್ನಾಗಿತ್ತು, ಜಗಳವಾಡಿ ಗೆಲ್ಲುತ್ತಿದ್ದೆ. ಅಂಗಡಿ ಮುಂದೆ ನಿಂತಿದ್ದ ಕಾರಿಗೆ ಹತ್ತಿ, ಸೀಟು ಮುಂದಕ್ಕೆ ಎಳೆದುಕೊಂಡು, ಕೀ ತಿರುಗಿಸಿದೆ. ಡ್ಯಾಶ್‌ಬೋರ್ಡಿನ ದೀಪಗಳು ಹತ್ತಿದವು. ಇಂಜಿನ್ ಮಾತ್ರ ಕಮಕ್ ಕಿಮಕ್ ಅನ್ನಲಿಲ್ಲ. ನೀವು ನಗುತ್ತಾ ಬಂದಿರಿ. "ಇಳಿ ಇಳಿ. ಸೀಟ್ ಯಾಕ್ ಇಷ್ಟ್ ಮುಂದುಕ್ ಎಳ್ದಿದ್ದೀಯ?" ಅಂದು ಬಗ್ಗಿ, ಸೀಟಿನ ಕೆಳಗೆ ಕೈ ಹಾಕಿ ಹಿಂದಕ್ಕೆ ಸರಿಸಿ, ಕೀ ತಿರುಗಿಸಿದಿರಿ. ಒಂದೇ ಏಟಿಗೆ ಗುರ್ ಅಂದಿತು. ಮೋಟಾರು ರಿಪೇರಿಗೆ ತಂದಿದ್ದ ದೊಡ್ಡೇರಿ ಕಡೆಯ ರೈತರು ನೋಡುತ್ತಾ ನಿಂತಿದ್ದರು. "ನೋಡ್ರಪ್ಪಾ, ನನ್ ಕೈಗೆ ಎಂಗ್ ಮಾತಾಡ್ತೈತೆ. ಇವಳ್ ಕೈಗೆ ಉಸ್ರೇ ಬುಡಲ್ಲ. ಏನ್ ಕೈಗುಣನೋ" ಅಂದಿರಿ. ಅವರೂ ನಕ್ಕರು, ನಾನೂ ನಕ್ಕೆ.

ಆಮೇಲೆ ಎಷ್ಟು ಸಲ ಪ್ರಯತ್ನಪಟ್ಟೆ? ಪ್ರತಿ ಸಲ ಅದೇ ಕತೆ. ನಾನು ತಿರುಗಿಸಿದರೆ ಸತ್ತು ಬಿದ್ದಿರುವ ಕಾರು, ನೀವು ಸೀಟು ಸರಿಸಿ ಕೂತ ತಕ್ಷಣ ಎದ್ದು ಕೂರುತ್ತಿತ್ತು. ಏನೋ ದೋಷ ಇರಬೇಕು, ಮೆಕ್ಯಾನಿಕ್‌ಗೆ ತೋರಿಸಿ ಅಂದರೆ "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಅನ್ನುತ್ತಿದ್ದಿರಿ. ಆ ಮಾತು ಕಾರಿನಲ್ಲಿ ನಿಲ್ಲಲಿಲ್ಲ. ಅಂಗಡಿಯ ಒಳಗಿನ ಕೋಣೆಯಲ್ಲಿ ಕೂತು ಬೋರ್‌ವೆಲ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದವಳು ನಾನು. ಹೊರಗೆ ಬೋರ್ಡಿನ ಮೇಲೆ ಹೆಸರು ನಿಮ್ಮದು. ಸುತ್ತಿ, ವಾರ್ನಿಷ್ ಹಾಕಿ, ಒಣಗಿಸಿ ಕೊಟ್ಟ ಮೋಟಾರಿಗೆ ಮೊದಲ ಸಲ ಕರೆಂಟು ಕೊಡುವಾಗ ನನ್ನನ್ನು ಪಕ್ಕಕ್ಕೆ ಸರಿಸುತ್ತಿದ್ದಿರಿ. "ಸುತ್ತೋದ್ ನೀನು, ಸ್ವಿಚ್ ಹಾಕೋದ್ ನಾನು. ನಿನ್ ಕೈಗುಣ ಗೊತ್ತಲ್ಲ." ತಂತಿ ಎಳೆದೆಳೆದು ಗೀರು ಬಿದ್ದು ದಡ್ಡುಗಟ್ಟಿದ ನನ್ನ ಬೆರಳನ್ನು ಹಿಡಿದು ಸವರುತ್ತಿದ್ದುದು ಲೋಕದಲ್ಲಿ ಒಬ್ಬಳೇ, ಹುಲಿಕುಂಟೆಯಲ್ಲಿದ್ದ ನನ್ನ ಅವ್ವ. ಕಣ್ಣು ಮಂಜಾದ ಮೇಲೆ ನಾನು ಹೋದರೆ ಮುಖ ನೋಡುತ್ತಿರಲಿಲ್ಲ, ಕೈ ಮುಟ್ಟಿಯೇ ಗುರುತು ಹಿಡಿಯುತ್ತಿದ್ದಳು.

ಗೊರವನಹಳ್ಳಿ ಲಕ್ಷ್ಮಿಯ ಗುಡಿಗೆ ಕರೆದುಕೊಂಡು ಹೋಗಿದ್ದಿರಲ್ಲ, ಒಂದು ಶುಕ್ರವಾರ. ಸಾಲಿನಲ್ಲಿ ನಮ್ಮ ಹಿಂದಿದ್ದವರಿಗೂ ಕಾರಿನ ಕತೆ ಹೇಳಿ ನಗಿಸಿದಿರಿ. ಲಕ್ಷ್ಮಮ್ಮನ ಮುಂದೆ ನಿಂತು ನಾನು ಮನೆ ಕೇಳಲಿಲ್ಲ, ಒಡವೆ ಕೇಳಲಿಲ್ಲ. ತಾಯೀ, ನನ್ನ ಕೈ ಸರಿಮಾಡು ಅಂತ ಬೇಡಿಕೊಂಡೆ. ಬಾಯಿಬಿಟ್ಟೇ ಬೇಡಿಕೊಂಡೆ, ನಿಮಗೆ ಕೇಳಿಸುವಷ್ಟು. ನೀವು ಪಕ್ಕದಲ್ಲಿ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಿರಿ. ಆ ಹೊತ್ತಿನಲ್ಲಿ ನಿಮ್ಮ ಮನಸ್ಸಿನಲ್ಲಿ ಏನು ಓಡುತ್ತಿತ್ತು? ನಗು ಬರುತ್ತಿತ್ತಾ?

ಅವ್ವ ಹೋದ ದಿನದ್ದು ಹೇಳುತ್ತೇನೆ, ನಿಮಗೆ ಗೊತ್ತಿದ್ದರೂ ಹೇಳುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಹುಲಿಕುಂಟೆಯಿಂದ ಅಣ್ಣ ಫೋನ್ ಮಾಡಿದ. "ಅವ್ವ ನಿನ್ನೇ ಕೇಳ್ತೈತೆ ಕಣಮ್ಮಿ. ಇವತ್ ದಾಟೋದ್ ಕಷ್ಟ. ಬಿರ್ನೆ ಬಂದ್ಬುಡು." ನೀವು ಯಾರದೋ ಟೆಂಪೋದಲ್ಲಿ ಪಾವಗಡದ ಕಡೆ ಮೋಟಾರು ಇಳಿಸಲು ಹೋಗಿದ್ದಿರಿ. ಕಾರು ಅಂಗಡಿ ಮುಂದೆಯೇ ಇತ್ತು, ಕೀ ಮೊಳೆಯಲ್ಲಿತ್ತು. ಏಳೆಂಟು ಸಲ ತಿರುಗಿಸಿದೆ. ಒಂದು ಟಕ್ ಅನ್ನುವ ಸದ್ದೂ ಇಲ್ಲ. ನಿಮಗೆ ಫೋನ್ ಮಾಡಿ ಅತ್ತೆ. "ಅವ್ವ ಹೋಗ್ತಾ ಐತಂತೆ. ಕಾರು ಸ್ಟಾರ್ಟ್ ಆಗ್ತಿಲ್ಲ. ಎಲ್ಲಿ ನೋಡ್ಲಿ, ಏನ್ ಮಾಡ್ಲಿ ಹೇಳಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ನೆಟ್‌ವರ್ಕ್ ಹೋಯಿತು ಅಂದುಕೊಂಡು ಹಲೋ ಹಲೋ ಅಂದೆ. ಆಮೇಲೆ ನಿಮ್ಮ ದನಿ ಬಂತು. "ನಿನ್ ಕೈಗೆ ಎಲ್ ತಿರುಗ್ತದೆ ಅದು. ಸುಮ್ಕೆ ಬಸ್ಸಿಗೋಗು."

ಹೋದೆ. ಶಿರಾ ಬಸ್ಸು ಆಗತಾನೆ ಹೊರಟುಹೋಗಿತ್ತು. ಮುಂದಿನದಕ್ಕೆ ಕಾದು, ಶಿರಾದಲ್ಲಿ ಇಳಿದು, ಮತ್ತೆ ಕಾದು, ಹುಲಿಕುಂಟೆ ಮುಟ್ಟುವಾಗ ಎರಡು ಗಂಟೆ. ಅವ್ವನನ್ನು ಜಗಲಿಯ ಮೇಲೆ ಕೂರಿಸಿ, ತಲೆಗೆ ಬಟ್ಟೆ ಕಟ್ಟಿದ್ದರು. ಸಂಜೆ ನೀವು ಅದೇ ಕಾರಿನಲ್ಲಿ ಬಂದಿರಿ. ಅವ್ವನ ಕಾಲು ಹಿಡಿದು ಅತ್ತಿರಿ. "ಅಳಿಯ ಅಂದ್ರೆ ಇಂಗಿರ್ಬೇಕು ಕಣ್ಲಾ" ಅಂತ ಊರವರು ಮಾತಾಡಿಕೊಂಡರು. ನಾನು ನನ್ನ ಕೈ ನೋಡಿಕೊಳ್ಳುತ್ತಾ ಮೂಲೆಯಲ್ಲಿ ಕೂತಿದ್ದೆ. ಉಸಿರಿರುವಾಗ ಹೆತ್ತವಳ ಮುಖ ನೋಡುವ ಭಾಗ್ಯವನ್ನೂ ಕೊಡದ ಕೈ ಇದು ಅಂತ ಕತ್ತರಿಸಿ ಎಸೆಯುವಷ್ಟು ಸಿಟ್ಟು ಬಂದಿತ್ತು. ನೀವು ಹತ್ತಿರ ಬಂದು, "ಋಣ ಇರ್ಲಿಲ್ಲ ಬುಡು" ಅಂದಿರಿ.

ನಿಮಗೆ ಎದೆನೋವು ಬಂದು ಹೋದ ಮೇಲೆ, ತಿಥಿ ಮುಗಿದ ಮಾರನೆಯ ದಿನ, ನಿಮ್ಮ ತಮ್ಮ ಈರಣ್ಣ ಕಾರಿಗೆ ಹತ್ತಿ ಕೀ ತಿರುಗಿಸಿದ. ಅಲುಗಲಿಲ್ಲ. ಮನೆಗೆ ಬಂದಿದ್ದವರು "ಯಜಮಾನನ್ನ ನೆನೆಸ್ಕಂಡು ಗಾಡಿ ಕೊರಗ್ತೈತೆ" ಅಂದು ಕಣ್ಣೊರೆಸಿಕೊಂಡರು. ಮೆಕ್ಯಾನಿಕ್ ಒಬ್ಬ ಬಂದ. ಕೀ ತಿರುಗಿಸಿ, ಬಾನೆಟ್ ಎತ್ತಿ ಇಣುಕಿ, "ಸ್ಟಾರ್ಟರ್ ಮೋಟಾರೇ ಹೋಗೈತೆ ಅಕ್ಕ, ಬೇರೆ ಹಾಕ್ಬೇಕು" ಅಂದು ಹೋದ. ಯಾರೊಬ್ಬರೂ ಈರಣ್ಣನ ಕೈಗುಣದ ಮಾತೆತ್ತಲಿಲ್ಲ. ಗಂಡಸಿನ ಕೈಗೆ ತಿರುಗದಿದ್ದರೆ ಮೋಟಾರು ಕೆಟ್ಟಿರುತ್ತದೆ, ಹೆಂಗಸಿನ ಕೈಗೆ ತಿರುಗದಿದ್ದರೆ ಕೈ ಕೆಟ್ಟಿರುತ್ತದೆ. ಇದು ಹೊಳೆದದ್ದು ಅವತ್ತಲ್ಲ, ಹೋದ ತಿಂಗಳು. ಟಾರ್ಪಾಲಿನ ಕೆಳಗೆ ಕೊಳೆಯುತ್ತಿದ್ದ ಕಾರನ್ನು ಗುಜರಿಗೆ ಹಾಕೋಣ ಅತ್ತಿಗೆ ಅಂತ ಈರಣ್ಣ ಕೇಳಿದಾಗ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನಿಜ. ಊರಿನ ಮೋಟಾರನ್ನೆಲ್ಲ ಸುತ್ತುವವಳು ಮನೆಯಲ್ಲಿದ್ದಳು, ಮನೆಯ ಮೋಟಾರನ್ನು ಯಾರೂ ಅವಳಿಗೆ ತೋರಿಸಿರಲಿಲ್ಲ. ಅವಳೂ ನೋಡಿರಲಿಲ್ಲ. ಯಾಕೆ ನೋಡಲಿಲ್ಲ ಅಂತ ನನ್ನನ್ನೇ ಬೈದುಕೊಂಡೆ. ಮೋಟಾರು ಕೆಟ್ಟಿದೆ ಅಂದಿದ್ದರೆ ಹುಡುಕುತ್ತಿದ್ದೆ. ಕೈ ಕೆಟ್ಟಿದೆ ಅಂದರೆ ಎಲ್ಲಿ ಅಂತ ಹುಡುಕಲಿ?

ಒಂದು ಭಾನುವಾರ ಅಂಗಡಿಯ ಮೀಟರು, ಟೆಸ್ಟ್ ಲ್ಯಾಂಪು ತಂದು ಬಾನೆಟ್ ಎತ್ತಿದೆ. ಬ್ಯಾಟರಿ ಇಳಿದುಹೋಗಿತ್ತು, ಹಿಂದಿನ ದಿನವೇ ಚಾರ್ಜಿಗೆ ಹಾಕಿ ತುಂಬಿಸಿದ್ದೆ. ಟರ್ಮಿನಲ್‌ಗೆ ಹಿಡಿದಿದ್ದ ಹಸಿರು ಕಿಲುಬನ್ನು ಬಿಸಿನೀರು ಹಾಕಿ ತೊಳೆದೆ. ಹೆಡ್‌ಲೈಟ್ ಹಾಕಿಸಿ, ಈರಣ್ಣನಿಗೆ ಕೀ ತಿರುಗಿಸಲು ಹೇಳಿದೆ. ಮೋಟಾರು ಕರೆಂಟು ಎಳೆದರೆ ದೀಪ ಮಂಕಾಗಬೇಕು. ಒಂದಿಷ್ಟೂ ಮಂಕಾಗಲಿಲ್ಲ. ಅಂದರೆ ಮೋಟಾರು ತಿರುಗಲಾರದೆ ನಿಂತಿದ್ದಲ್ಲ, ತಿರುಗು ಅಂತ ಅದಕ್ಕೆ ಯಾರೂ ಹೇಳೇ ಇರಲಿಲ್ಲ. ಸ್ಟಾರ್ಟರಿಗೆ ಎರಡು ತಂತಿ ಬರುತ್ತವೆ. ದಪ್ಪದ್ದು ಬ್ಯಾಟರಿಯಿಂದ ನೇರ ಬರುತ್ತದೆ, ಅದರಲ್ಲಿ ಕರೆಂಟು ಇತ್ತು. ಸಣ್ಣದು ಕೀಯಿಂದ ಬರುತ್ತದೆ, ಅಪ್ಪಣೆ ತರುವುದು ಅದು. ಅದಕ್ಕೆ ಲ್ಯಾಂಪು ಹಿಡಿದು "ತಿರುಗ್ಸು" ಅಂದೆ. ಹತ್ತಲಿಲ್ಲ. ಗೇರು ನ್ಯೂಟ್ರಲ್‌ನಲ್ಲಿದೆಯಾ ಅಂತ ಇನ್ನೊಂದು ಸಲ ನೋಡಿ, ಬ್ಯಾಟರಿಯಿಂದ ಒಂದು ತುಂಡು ತಂತಿಯನ್ನು ನೇರವಾಗಿ ಆ ಸಣ್ಣ ತಂತಿಯ ಜಾಗಕ್ಕೆ ಮುಟ್ಟಿಸಿದೆ. ಗರ್ರ್ ಅಂತ ತಿರುಗಿತು. ಈರಣ್ಣ ಸೀಟಿನಿಂದ ಹಾರಿಬಿದ್ದ. "ಅತ್ತಿಗೆ, ನಿನ್ ಕೈಗೆ ತಿರುಗ್ತಲ್ಲ" ಅಂದ. ಮೋಟಾರು ಚೆನ್ನಾಗಿತ್ತು. ಬ್ಯಾಟರಿ ಚೆನ್ನಾಗಿತ್ತು. ಕೈಯೂ ಚೆನ್ನಾಗಿತ್ತು.

ಕೆಟ್ಟದ್ದು ನಡುವೆ ಎಲ್ಲೋ ಇತ್ತು. ಆ ಸಣ್ಣ ತಂತಿಯ ಜಾಡು ಹಿಡಿದು ಸ್ಟಿಯರಿಂಗಿನ ಕೆಳಗೆ ಬಂದೆ. ಅಲ್ಲಿ ಅದನ್ನು ಕತ್ತರಿಸಿ ಎರಡು ಕಪ್ಪು ತಂತಿ ಸೇರಿಸಿದ್ದರು. ಅವು ನೆಲಹಾಸಿನ ಕೆಳಗೆ ನುಸುಳಿ ಡ್ರೈವರ್ ಸೀಟಿನ ಅಡಿಗೆ ಹೋಗಿದ್ದವು. ಕೈ ಹಾಕಿದೆ. ಬೆರಳಿಗೆ ಒಂದು ಪುಟ್ಟ ಸ್ವಿಚ್ಚು ಸಿಕ್ಕಿತು. ಕಳ್ಳರಿಗೆ ಹೆದರಿ ಹಾಕಿಸುತ್ತಾರಲ್ಲ, ಕಳ್ಳ ಸ್ವಿಚ್ಚು, ಅದು. ಅದನ್ನು ಹಾಕದೆ ಎಷ್ಟು ಕೀ ತಿರುಗಿಸಿದರೂ ಅಪ್ಪಣೆ ಮೋಟಾರಿಗೆ ಮುಟ್ಟುವುದಿಲ್ಲ. ಒಂದು ಕ್ಷಣ ನಿಮ್ಮ ಪರವಾಗಿಯೇ ಯೋಚಿಸಿದೆ, ಸೆಕೆಂಡ್ ಹ್ಯಾಂಡ್ ಕಾರು, ಹಳೆಯ ಮಾಲೀಕ ಹಾಕಿಸಿರಬಹುದು, ಇವರಿಗೂ ಗೊತ್ತಿರಲಿಕ್ಕಿಲ್ಲ ಅಂತ. ಆಮೇಲೆ ಟೇಪು ಬಿಚ್ಚಿದೆ. ತಂತಿ ಸೇರಿಸಿದ ಜಾಗಕ್ಕೆ ಹಳದಿ ಬಟ್ಟೆಯ ಕೊಳವೆ ತೊಡಿಸಿದ್ದರು. ಮೋಟಾರು ಸುತ್ತುವಾಗ ಕಾಯಿಲಿನ ತುದಿಗೆ ನಾನು ತೊಡಿಸುವ ಕೊಳವೆ ಅದು, ನನ್ನ ಡಬ್ಬಿಯದು. ನನಗೆ ಬೀಗ ಹಾಕಲು ನನ್ನ ಡಬ್ಬಿಗೇ ಕೈ ಹಾಕಿದ್ದಿರಿ. ಸೀಟು ಸರಿಸುತ್ತೇನೆ ಅಂತ ಬಗ್ಗುತ್ತಿದ್ದುದೆಲ್ಲ ಸಾಲಾಗಿ ಕಣ್ಣಮುಂದೆ ಬಂತು. ತಾನು ಕಳ್ಳ ಪರರ ನಂಬ ಅಂತಾರಲ್ಲ. ನಾನು ಕಾರು ಹತ್ತಿ ಎಲ್ಲಿಗೆ ಹೋಗಿಬಿಡುತ್ತೇನೆ ಅಂತ ಹೆದರಿದ್ದಿರಿ?

ಈ ಬೀಗವನ್ನಾದರೂ ಕ್ಷಮಿಸುತ್ತಿದ್ದೆನೋ ಏನೋ. ನನ್ನ ಹೊಟ್ಟೆಗೆ ಬೆಂಕಿ ಹಾಕಿರುವುದು ಅವತ್ತು ಫೋನಿನಲ್ಲಿ ನಿಂತುಹೋದ ಆ ಸದ್ದು. ನೆಟ್‌ವರ್ಕ್ ಹೋಗಿರಲಿಲ್ಲ. ಹೇಳಲೋ ಬೇಡವೋ ಅಂತ ನೀವು ಲೆಕ್ಕ ಹಾಕುತ್ತಿದ್ದಿರಿ. ಸೀಟಿನ ಕೆಳಗೆ ಕೈ ಹಾಕು ಅನ್ನಲು ಎಷ್ಟು ಉಸಿರು ಬೇಕು? ಅಂದಿದ್ದರೆ ನಿಮ್ಮ ಗುಟ್ಟು ಹೋಗುತ್ತಿತ್ತು, ನಾನು ನಾಲ್ಕು ಮಾತು ಬೈಯುತ್ತಿದ್ದೆ, ಅಷ್ಟೇ. ನೀವು ಗುಟ್ಟು ಉಳಿಸಿಕೊಂಡಿರಿ. ಇಪ್ಪತ್ತಾರು ವರ್ಷ ನಿಮ್ಮನ್ನು ಬಹುವಚನದಲ್ಲಿ ಕರೆದಿದ್ದೇನೆ. ಇಲ್ಲಿಗೆ ಸಾಕು.

ಕೇಳಿಸಿಕೋ, ನಿನಗೆ ಗೊತ್ತಿಲ್ಲದ ಒಂದು ಸುದ್ದಿ ಇದೆ. ಹೋದ ಸೋಮವಾರ, ಸರಿಯಾಗಿ ಹತ್ತು ಗಂಟೆಗೆ, ಅಂಗಡಿ ಮುಂದಿನಿಂದ ಕಾರು ಹೊರಡಿಸಿದೆ. ಜೋರಾಗಿ ಓಡಿಸಲಿಲ್ಲ. ಶಿರಾದಲ್ಲಿ ಎರಡು ಸಲ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿದೆ, ಸುಮ್ಮನೆ. ಹುಲಿಕುಂಟೆಯಲ್ಲಿ ಅಣ್ಣ ಕುರಿಗೆ ಸೊಪ್ಪು ಕಟ್ಟುತ್ತಿದ್ದ. ಕಾರಿನೊಳಗೆಲ್ಲ ಇಣುಕಿ, "ಯಾರ್ ಓಡಿಸ್ಕಂಡ್ ಬಂದೋರು?" ಅಂದ. "ನಾನೇ" ಅಂದೆ. ಗಡಿಯಾರ ನೋಡಿದೆ, ಹನ್ನೊಂದೂವರೆ.

"ಅವ್ವ ಉಸಿರು ಬುಟ್ಟಿದ್ದು ಎಷ್ಟೊತ್ಗೆ ಅಣ್ಣ?" ಅಂತ ಕೇಳಿದೆ. ಇದನ್ನು ಮೊದಲು ಯಾವತ್ತೂ ಕೇಳಿರಲಿಲ್ಲ, ಕೇಳುವ ಧೈರ್ಯ ಇರಲಿಲ್ಲ.

"ಹನ್ನೆರಡೂ ಕಾಲು ಕಣಮ್ಮಿ. ಅಲ್ಲೀಗಂಟ ನೆಪ್ಪಿತ್ತು. ನಿನ್ ಕೈ ಕೇಳ್ತಿತ್ತು. ಪಾಪ ಅಂತ ನನ್ ಕೈ ಕೊಟ್ಟೆ. ಬೆರಳೆಲ್ಲ ಮುಟ್ಟಿ ನೋಡಿ, ಇದಲ್ಲ ಅಂತು. ಬಿಟ್ಬುಡ್ತು."

ಮುಕ್ಕಾಲು ಗಂಟೆ. ಅವತ್ತು ಕಾರು ಹೊರಟಿದ್ದರೆ ಅಷ್ಟು ಹೊತ್ತು ನಾನು ಅವಳ ಪಕ್ಕ ಕೂತಿರುತ್ತಿದ್ದೆ. ನೀನು ಕೆಟ್ಟದ್ದು ಅಂದ ಈ ಕೈಯನ್ನೇ ಅವಳು ಹುಡುಕಿದ್ದು. ಅಣ್ಣನ ಮುಂದೆ ಅಳಲಿಲ್ಲ. ಕಾರಿನಲ್ಲಿ ಕೂತು ಅತ್ತೆ.

ಮಹಾಲಯ ಅಮಾವಾಸ್ಯೆ ಬರುತ್ತಿದೆ. ಹಿರಿಯರಿಗೆ ಎಡೆ ಇಡಬೇಕು, ನಿನಗೂ ಇಡಬೇಕು, ತಪ್ಪಿಸುವುದಿಲ್ಲ. ನಿನಗೆ ಇಷ್ಟವಾದ ಕಡುಬು, ಹೆಸರುಕಾಳು ಸಾರು ಮಾಡುತ್ತೇನೆ. ಮೊದಲ ಎಡೆ ಅವ್ವನಿಗೆ. ಅವಳದ್ದು ಇಟ್ಟು, ನಿನ್ನದನ್ನು ಮುಚ್ಚಿಟ್ಟು, ಮುಕ್ಕಾಲು ಗಂಟೆ ಕೂರುತ್ತೇನೆ. ಆಮೇಲೆ ಇಡುತ್ತೇನೆ. ಬಾಗಿಲಲ್ಲಿ ಕಾದಿರು.

ರತ್ನಮ್ಮ